ಊರಿಗೆಲ್ಲ ಹೇಳಿದ ಮಾತು

ಡ್ರೈಕ್ಲೀನಿಂಗ್ ಅಂಗಡಿಯ ಮೇಲಿನ ಕೋಣೆಯಲ್ಲಿ ಆಕೆ ಹದಿನಾರು ವರ್ಷದಿಂದ ಹಾಡು ಕಲಿಸುತ್ತಿದ್ದಳು. ಕೆಳಗಿನ ಇಸ್ತ್ರಿಯ ಹಬೆ ಕಿಟಕಿಯ ಗಾಜನ್ನು ಸದಾ ಮಸುಕಾಗಿಸುತ್ತಿತ್ತು. ಶಿಷ್ಯರಲ್ಲಿ ಹೆಚ್ಚಿನವರು ಶಾಲೆಯ ಹುಡುಗಿಯರು. ಹಿರಿಯನೆಂದರೆ ಒಬ್ಬನೇ, ಬಸ್ ಕಂಡಕ್ಟರನಾಗಿ ನಿವೃತ್ತನಾದವನು. ಎಂಟು ತಿಂಗಳಿಂದ ಪ್ರತಿ ಮಂಗಳವಾರ ಐದು ನಿಮಿಷ ಮೊದಲೇ ಬಂದು, ಚಪ್ಪಲಿಯನ್ನು ಗೋಡೆಗೆ ಒತ್ತಿಟ್ಟು ಕೂರುತ್ತಿದ್ದ. ಮೇಲಿನ ಸ್ವರಕ್ಕೆ ಏರಿದೊಡನೆ ಅವನ ದನಿ ಎಣ್ಣೆ ಕಾಣದ ಬಾಗಿಲಿನಂತೆ ಕಿರುಗುಟ್ಟುತ್ತಿತ್ತು. ಆಕೆ ಮಾತ್ರ ಪ್ರತಿ ವಾರವೂ, "ಚೆನ್ನಾಗಿ ಬರ್ತಿದೆ" ಅನ್ನುತ್ತಿದ್ದಳು. ವಯಸ್ಸಾದವರ ಮನಸ್ಸು ನೋಯಿಸುವುದೇಕೆ?

ಆ ದಿನಗಳಲ್ಲಿ ಫೋನು ತೆರೆದರೆ ಒಂದೇ ಆಟ: ಸೌಟನ್ನು ಮೈಕಿನಂತೆ ಹಿಡಿದು, ಯಾರೂ ಒಪ್ಪದ ಮಾತೊಂದನ್ನು ಹೇಳಿ ವಿಡಿಯೋ ಹಾಕುವುದು. ತಂಗಿ ಆಕೆಯ ಕೈಗೂ ಸೌಟು ತುರುಕಿದಳು.

"ಮನೇಲಿ ಗೊಣಗ್ತೀಯಲ್ಲ ಅಕ್ಕಾ, ಅದನ್ನೇ ಹೇಳು."

"ಬೈತೀರ, ಗೊತ್ತು. ಆದ್ರೂ ಹೇಳ್ತೀನಿ," ಆಕೆ ಶುರುಮಾಡಿದಳು. "ಹಾಡು ಎಲ್ಲರಿಗೂ ಒಲಿಯಲ್ಲ. ಒಲಿಯದವರು ಕಲಿಯೋಕೆ ಬರಲೇಬಾರದು."

ಅಷ್ಟಕ್ಕೇ ನಿಲ್ಲಿಸಬಹುದಿತ್ತು. ತಂಗಿ ಕಿಸಕ್ಕನೆ ನಕ್ಕಳು, ಆಕೆಗೆ ಹುರುಪೇರಿತು. ಕಂಡಕ್ಟರನ ದನಿಯಲ್ಲೇ ಸ್ವರವೊಂದನ್ನು ಕಿರುಗುಟ್ಟಿಸಿ, ಕೊನೆಗೆ "ರೈಟ್, ರೈಟ್! ಒಳಗೆ ಹೋಗ್ರೀ!" ಎಂದೂ ಸೇರಿಸಿಬಿಟ್ಟಳು.

ಮೂರೇ ದಿನದಲ್ಲಿ ಲಕ್ಷ ಜನ ನೋಡಿದರು. ಬೈದವರು ಬೈದರು, ನಕ್ಕವರು ನಕ್ಕರು. ಆ ಕಿರುಗುಟ್ಟುವ ತುಂಡನ್ನಷ್ಟೇ ಕತ್ತರಿಸಿಕೊಂಡು, ಅದಕ್ಕೆ ತಕ್ಕಂತೆ ತುಟಿಯಾಡಿಸಿ ಕಂಡಕಂಡವರೆಲ್ಲ ತಮ್ಮದೊಂದು ವಿಡಿಯೋ ಮಾಡಿದರು. ಮಂಗಳವಾರ ಕಂಡಕ್ಟರ್ ಬರಲಿಲ್ಲ. ಮರುವಾರವೂ ಇಲ್ಲ. ಆಕೆ ವಿಡಿಯೋ ಅಳಿಸಿದಳು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅದು ಆಗಲೇ ನೂರಾರು ಬಾಯಿಗಳಲ್ಲಿತ್ತು.

ಶನಿವಾರ ವಿಳಾಸ ಹುಡುಕಿಕೊಂಡು ಅವನ ಮನೆಗೆ ಹೋದಳು. ಬಾಗಿಲು ತೆರೆದ ಹೆಂಡತಿ, ಆಕೆಯ ಮುಖ ನೋಡದೆಯೇ, "ಬನ್ನಿ" ಅಂದಳು. ಕಂಡಕ್ಟರ್ ಎದ್ದು ನಿಂತು ಕುರ್ಚಿ ಕೊಟ್ಟ. ಆ ಮರ್ಯಾದೆಗೇ ಆಕೆ ಕುಗ್ಗಿಹೋದಳು.

"ತಪ್ಪಾಯ್ತು. ಯಾಕೆ ಹಾಗೆ ಮಾಡಿದೆನೋ..."

"ಮಗಳು ತೋರಿಸಿದ್ಲು. 'ನಿಮ್ಮ ಮೇಡಂ ಫೇಮಸ್ ಆಗಿಬಿಟ್ರು' ಅಂತ. ಅವಳಿಗೆ ಅದು ನಾನೇ ಅಂತ ಗೊತ್ತಾಗ್ಲಿಲ್ಲ," ಅವನು ಕೈ ನೋಡಿಕೊಂಡ. "ಮೂವತ್ತನಾಲ್ಕು ವರ್ಷ ಬರೀ ಕೂಗಿದ ಗಂಟಲು ಮೇಡಂ. ಮೆತ್ತಗೆ ಒಂದು ದನಿ ಹೊರಡುತ್ತಾ ನೋಡೋಣ ಅಂತ ಬಂದೆ. ನೀವು ಸುಳ್ಳೇನೂ ಹೇಳಿಲ್ಲ. ಆದ್ರೆ ಅದನ್ನ ನನಗೆ ಹೇಳ್ಬೇಕಿತ್ತು, ಊರಿಗಲ್ಲ."

"ಮತ್ತೆ ಬನ್ನಿ. ಈ ಸಲ ಸರಿಯಾಗಿ ಕಲಿಸ್ತೀನಿ."

"ಈಗ ನೀವು 'ಚೆನ್ನಾಗಿದೆ' ಅಂದ್ರೆ ನಂಬಿಕೆ ಬರಲ್ಲವಲ್ಲ," ಅಂದ. ಕೋಪವಿರಲಿಲ್ಲ. ಇದ್ದಿದ್ದರೆ ಆಕೆಗೆ ಸುಲಭವಾಗುತ್ತಿತ್ತು.

ಆಕೆ ಇನ್ನೊಂದು ವಿಡಿಯೋ ಹಾಕಿದಳು. ಎಂಟು ತಿಂಗಳು ಶಿಷ್ಯನೊಬ್ಬನಿಗೆ ಸುಳ್ಳು ಹೇಳಿ, ಬೆನ್ನ ಹಿಂದೆ ಅಣಕಿಸಿದ್ದನ್ನು ಒಪ್ಪಿಕೊಂಡಳು. ಅದನ್ನು ನೋಡಿದವರು ನಲವತ್ತು ಜನ. ತರಗತಿಯಲ್ಲಿ ಈಗ ಸ್ವರ ತಪ್ಪಿದರೆ ಅಲ್ಲೇ ನಿಲ್ಲಿಸಿ, ತಿದ್ದಿ, ಹತ್ತು ಸಲ ಹೇಳಿಸುತ್ತಾಳೆ.

ತಿಂಗಳೆರಡು ಕಳೆದ ಮೇಲೆ ತರಕಾರಿ ಅಂಗಡಿಯಲ್ಲಿ ಕಂಡಕ್ಟರನ ಹೆಂಡತಿ ಸಿಕ್ಕಳು.

"ಹಾಡ್ತಾರಾ?" ಆಕೆ ಕೇಳಿದಳು.

"ಸ್ನಾನ ಮಾಡುವಾಗ. ಎರಡೂ ನಲ್ಲಿ ಜೋರಾಗಿ ಬಿಟ್ಕೊಂಡು," ಹೆಂಡತಿ ಟೊಮ್ಯಾಟೊ ಆರಿಸುತ್ತಲೇ ಹೇಳಿದಳು. "ಹೊರಗೆ ಯಾರಿಗೂ ಕೇಳ್ಬಾರದು ಅಂತ."