ಗಂಗಾಮಣಿಯ ಸಾರು, ದೇವೀರಪ್ಪನ ಹೊಟ್ಟೆ

ಆನೇಮಹಲಿನ ಗಂಗಾಮಣಿ ಮಾಡುತ್ತಿದ್ದ ಹರಿವೆ ಸೊಪ್ಪಿನ ಸಾರಿಗೆ ಒಂದು ಹೆಸರಿತ್ತು. ಊರಲ್ಲಿ ಯಾರ ಮನೆಯಲ್ಲಿ ನಾಮಕರಣವಾಗಲಿ, ತಿಥಿಯಾಗಲಿ, ಒಲೆಯ ಮುಂದೆ ಅವಳೇ ಕೂರಬೇಕು. ಕೂರಿಸದಿದ್ದರೆ ಅವಳೇನೂ ಜಗಳಕ್ಕೆ ಬರುತ್ತಿರಲಿಲ್ಲ. ಊಟಕ್ಕೆ ಬಂದು, ಎರಡು ತುತ್ತು ತಿಂದು, ಉಪ್ಪು ಹಾಕಿದವರು ಯಾರೆಂದು ಮೆಲ್ಲಗೆ ವಿಚಾರಿಸಿ ಎದ್ದು ಹೋಗುತ್ತಿದ್ದಳು. ಅದಕ್ಕಿಂತ ಅವಳನ್ನು ಕರೆಯುವುದೇ ಸುಲಭವೆಂದು ಊರಿನವರು ಕಂಡುಕೊಂಡಿದ್ದರು.

ಗಂಡ ದೇವೀರಪ್ಪನಿಗೆ ಮಂಗಳೂರು ರಸ್ತೆಯ ಪಕ್ಕದಲ್ಲಿ ಬ್ಯಾಟರಿ ಚಾರ್ಜ್ ಮಾಡುವ ಅಂಗಡಿ. ಅದರ ಹಿಂದೆಯೇ ಮನೆ. ತೊಂಬತ್ತರ ದಶಕದ ನಡುವಿನ ಮಾತು. ಕರೆಂಟ್ ಇರುವುದಕ್ಕಿಂತ ಇಲ್ಲದಿರುವುದೇ ಹೆಚ್ಚು. ಕ್ರಿಕೆಟ್ ಇದ್ದ ವಾರ ಎಸ್ಟೇಟಿನ ಕೂಲಿ ಲೈನುಗಳಿಂದ ಜನ ಟಿವಿ ಬ್ಯಾಟರಿ ಹೊತ್ತು ಬರುತ್ತಿದ್ದರು. ಘಾಟಿ ಇಳಿಯುವ ಲಾರಿಯವರು ಸತ್ತ ಬ್ಯಾಟರಿಗಳನ್ನು ಅಲ್ಲೇ ಬಿಟ್ಟು ಹೋಗುತ್ತಿದ್ದರು. ದೇವೀರಪ್ಪ ಯಾವುದನ್ನೂ ಎಸೆಯುವವನಲ್ಲ. ಹಿತ್ತಿಲಿನ ತಗಡಿನ ಮಾಡಿನಡಿ ಕೂತು ಬ್ಯಾಟರಿ ಒಡೆದು, ಆಸಿಡ್ಡನ್ನು ಗುಂಡಿಗೆ ಸುರಿದು, ಒಳಗಿನ ಸೀಸದ ತಗಡುಗಳನ್ನು ಹಳೇ ಬಾಣಲೆಯಲ್ಲಿ ಕರಗಿಸಿ, ಬೀಸುಬಲೆಗೆ ಕಟ್ಟುವ ಗುಂಡು ಎರಕ ಹೊಯ್ಯುತ್ತಿದ್ದ. ಹೇಮಾವತಿಯಲ್ಲಿ ಮೀನು ಹಿಡಿಯುವವರಿಗೆ ಅವನ ಗುಂಡೇ ಆಗಬೇಕು. ಅದೇ ಬೂದುಗೈಯಲ್ಲಿ ಬೀಡಿ ಹಚ್ಚುತ್ತಿದ್ದ, ಅದೇ ಕೈಯಲ್ಲಿ ಕಡುಬು ಮುರಿಯುತ್ತಿದ್ದ. ಸೀಸ ಕರಗಿಸಿದ ಆ ಒಲೆಯ ಬೂದಿಯನ್ನು ಗಂಗಾಮಣಿ ತನ್ನ ಸೊಪ್ಪಿನ ಮಡಿಗೆ ಹಾಕುತ್ತಿದ್ದಳು. ಬೂದಿ ಸೊಪ್ಪಿಗೆ ಒಳ್ಳೆಯದೆಂದು ಅವಳ ಅಮ್ಮ ಹೇಳಿದ್ದಳು. ಯಾವ ಬೂದಿ ಎಂದು ಹೇಳಿರಲಿಲ್ಲ.

ಗುಂಡು ಎರೆಯಲು ಶುರುಮಾಡಿ ಎರಡು ವರ್ಷವಾಗುವಷ್ಟರಲ್ಲಿ ದೇವೀರಪ್ಪನಿಗೆ ಹೊಟ್ಟೆನೋವು ಶುರುವಾಯಿತು. ಊಟವಾಗಿ ಸ್ವಲ್ಪ ಹೊತ್ತಿಗೆ ಮಡಚಿದ ಕೊಡೆಯ ಹಾಗೆ ಮುದುರಿ ಬಿದ್ದುಕೊಳ್ಳುತ್ತಿದ್ದ. ಹೊರಕಡೆ ಹೋದವನು ಮುಕ್ಕಾಲು ಗಂಟೆ ಕೂತು ಬರಿಗೈಯಲ್ಲಿ ಬಂದಂತೆ ಬರುತ್ತಿದ್ದ. ಮುಖ ಸುಣ್ಣ ಬಳಿದಂತಾಯಿತು. ಓಮದ ಕಷಾಯ ಆಯಿತು, ಹೊಕ್ಕುಳ ಬಟ್ಟಿ ಜಾರಿದೆಯೆಂದು ಹೊಟ್ಟೆ ನೀವಿಸಿದ್ದಾಯಿತು, ಗ್ಯಾಸ್ಟ್ರಿಕ್ ಮಾತ್ರೆಯೂ ಆಯಿತು. ಕೊನೆಗೆ ಒಂದು ದಿನ ಅವನು ತಟ್ಟೆಯನ್ನು ಪಕ್ಕಕ್ಕೆ ಸರಿಸಿ, ಈಚೆಗೆ ಸಾರಿಗೆ ಖಾರ ಜಾಸ್ತಿ ಬೀಳ್ತಾ ಐತೇನೋ ಎಂದುಬಿಟ್ಟ.

ಗಂಗಾಮಣಿ ಆ ತಟ್ಟೆಯನ್ನು ತನ್ನ ಮುಂದಕ್ಕೆ ಎಳೆದುಕೊಂಡು, ಅವನು ಬಿಟ್ಟದ್ದನ್ನೆಲ್ಲ ಅವನೆದುರೇ ತಿಂದು ಮುಗಿಸಿದಳು. ಅವಳಿಗೆ ಏನೂ ಆಗಲಿಲ್ಲ.

ಸುದ್ದಿ ಮಗ್ಗೆಯಲ್ಲಿದ್ದ ದೇವೀರಪ್ಪನ ಅಕ್ಕ ಜಗದಾಂಬಳಿಗೆ ಮುಟ್ಟಿತು. ಆಕೆ ಬಂದವಳೇ ತಮ್ಮನ ಕಣ್ಣಿನ ರೆಪ್ಪೆ ಎಳೆದು ನೋಡಿ, ಇದು ಕಾಯಿಲೆಯಲ್ಲ, ಯಾರೋ ಅನ್ನದಲ್ಲಿ ಮದ್ದು ಹಾಕಿದ್ದಾರೆ ಎಂದು ತೀರ್ಪು ಕೊಟ್ಟಳು. ಆ ಮನೆಯಲ್ಲಿ ಅನ್ನ ಬಡಿಸುವವಳು ಒಬ್ಬಳೇ ಆದ್ದರಿಂದ ಹೆಸರು ಹೇಳುವ ಅಗತ್ಯ ಬೀಳಲಿಲ್ಲ. ಮದ್ದು ಕಕ್ಕಿಸುವ ಜವರಪ್ಪನನ್ನು ಕರೆಸಿದರು. ಅವನು ಏನೋ ಬೇರು ಅರೆದು ಕುಡಿಸಿ, ದೇವೀರಪ್ಪ ಕರುಳೇ ಬಾಯಿಗೆ ಬಂದಂತೆ ಕಕ್ಕಿದ ಮೇಲೆ, ಅದರೊಳಗಿಂದ ಒಂದು ಕೂದಲಿನ ಉಂಡೆ ಎತ್ತಿ ತೋರಿಸಿದ. ಗಂಗಾಮಣಿ ಬಗ್ಗಿ ನೋಡಿದಳು. ಕೂದಲು ಬಿಳಿ. ಅವಳದು ಆಗಿನ್ನೂ ಕರಿ. ಜವರಪ್ಪನದು ಮಾತ್ರ ಪೂರಾ ನರೆತಿತ್ತು. ಅದನ್ನು ಅವಳು ಹೇಳಿದಳು ಕೂಡ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಜಗದಾಂಬ ತಮ್ಮನನ್ನು ಮಗ್ಗೆಗೆ ಕರೆದುಕೊಂಡು ಹೋದಳು. ಅಲ್ಲಿ ಐದು ವಾರದಲ್ಲಿ ನೋವು ಕಮ್ಮಿಯಾಗಿ, ಅವನು ಎರಡು ಅಕ್ಕಿರೊಟ್ಟಿಯ ಮೇಲೆ ಮೂರನೆಯದನ್ನು ಕೇಳುವಂತಾದ. ಜಗದಾಂಬ ಈ ಮೂರನೇ ರೊಟ್ಟಿಯ ವಿಷಯವನ್ನು ಆಲೂರಿನ ಸಂತೆಯಲ್ಲೂ, ಸಕಲೇಶಪುರದ ಬಸ್ಸಿನಲ್ಲೂ ಹೇಳಿದಳು. ಆನೇಮಹಲಿನಲ್ಲಿ ಎರಡು ಸೀಮಂತಗಳಾದವು. ಗಂಗಾಮಣಿಗೆ ಎಲೆ ಹಾಕಿದರೇ ಹೊರತು ಒಲೆಯ ಹತ್ತಿರ ಕರೆಯಲಿಲ್ಲ. ಅವಳು ಉಪ್ಪಿನ ಮಾತೆತ್ತದೆ ಉಂಡು ಬಂದಳು. ಪಕ್ಕದ ಮನೆಯ ಭೂತಮ್ಮ ಅವಳು ಕೊಟ್ಟ ಮಜ್ಜಿಗೆಯನ್ನು ಆಮೇಲೆ ಕುಡಿಯುತ್ತೇನೆಂದು ಮುಚ್ಚಿಟ್ಟು, ಆಮೇಲೆ ತೆಂಗಿನ ಬುಡಕ್ಕೆ ಸುರಿದದ್ದನ್ನು ಅವಳು ಬೇಲಿಯಾಚೆಯಿಂದ ಕಣ್ಣಾರೆ ನೋಡಿದಳು. ಆವತ್ತು ಕೂತು ಅತ್ತಳು.

ದೇವೀರಪ್ಪ ವಾಪಸು ಬಂದ. ಆದರೆ ಅಕ್ಕನ ಕಟ್ಟಪ್ಪಣೆಯ ಮೇಲೆ ಬಂದ: ಮನೆಯಲ್ಲಿ ನೀರು ಬಿಟ್ಟು ಬೇರೇನೂ ಮುಟ್ಟಕೂಡದು. ದಿನಾ ಬೆಳಗಿನ ಬಸ್ಸಿನಲ್ಲಿ ಮಗ್ಗೆಯಿಂದ ಊಟದ ಕ್ಯಾರಿಯರ್ ಬರತೊಡಗಿತು. ಅವನು ತಗಡಿನ ಮಾಡಿನ ಕೆಳಗೆ ಬಾಣಲೆಯ ಪಕ್ಕದಲ್ಲೇ ಅದನ್ನು ಬಿಚ್ಚಿ ಉಣ್ಣುತ್ತಿದ್ದ. ಬಾಕಿ ಉಳಿದ ಗುಂಡಿನ ಆರ್ಡರು ಬಹಳ ಇದ್ದುದರಿಂದ ಕೆಲಸ ಮೊದಲಿಗಿಂತ ಜೋರಾಗಿತ್ತು. ಗಂಗಾಮಣಿ ಒಬ್ಬಳಿಗೇ ಬೇಯಿಸಿಕೊಂಡು ಒಬ್ಬಳೇ ಉಂಡಳು.

ಎರಡು ತಿಂಗಳು ಕಳೆದು ಒಂದು ವಾರವಾಗಿತ್ತು. ಮಗ್ಗೆಯ ಹುರುಳಿ ಸಾರು ಉಂಡ ದೇವೀರಪ್ಪ ಮತ್ತೆ ಮುದುರಿ ಬಿದ್ದ. ಗಂಗಾಮಣಿಗೆ ಎದೆ ಧಸಕ್ಕೆಂದಿತು. ಆದರೆ ಧಸಕ್ಕೆನ್ನುವ ಮೊದಲು ಒಂದು ಗಳಿಗೆ ಹಬ್ಬದಷ್ಟು ಖುಷಿಯಾಯಿತೆಂದು ಅವಳೇ ಎಷ್ಟೋ ವರ್ಷದ ಮೇಲೆ ಒಪ್ಪಿಕೊಂಡಿದ್ದಳು. ಆ ಖುಷಿಗೆ ನಾಚಿ, ಅವನನ್ನು ಎಬ್ಬಿಸಿ, ಸಕಲೇಶಪುರಕ್ಕೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದಳು. ತೊಳೆಯದ ಕ್ಯಾರಿಯರನ್ನೂ ಮರೆಯದೆ ತೆಗೆದುಕೊಂಡಳು.

ಡಾಕ್ಟರಮ್ಮ ಅವನ ಕೆಳತುಟಿ ಎಳೆದು ವಸಡು ನೋಡಿದರು. ಹಲ್ಲಿನ ಬುಡಕ್ಕೆ ಪೆನ್ಸಿಲಿನಲ್ಲಿ ಎಳೆದಂತೆ ನೀಲಿಗಪ್ಪು ಗೆರೆಯಿತ್ತು. ಕೈ ಮುಂದೆ ಚಾಚಲು ಹೇಳಿದರು. ಬಲಗೈಯ ಮಣಿಕಟ್ಟು ಜೋತುಬಿತ್ತು.

“ಇವರು ಏನು ಕೆಲಸ ಮಾಡ್ತಾರೆ?”

“ಕೆಲ್ಸ ಆಮೇಲೆ ಹೇಳ್ತೀನಿ ಡಾಕ್ಟ್ರಮ್ಮ. ಮೊದ್ಲು ಈ ಕ್ಯಾರಿಯರ್ ನೋಡಿ. ಇದು ಮಗ್ಗೇದು, ನಂದಲ್ಲ” ಎಂದಳು ಗಂಗಾಮಣಿ.

ಡಾಕ್ಟರಮ್ಮ ಕ್ಯಾರಿಯರಿನ ಕಡೆ ತಿರುಗಲಿಲ್ಲ. ಕೆಲಸದ ವಿವರ ಕೇಳುತ್ತ ಕೇಳುತ್ತ ಅವರ ಮುಖ ಗಂಭೀರವಾಯಿತು. ಕಾದ ಸೀಸದ ಹೊಗೆ, ಅದರ ಧೂಳು, ತೊಳೆಯದ ಕೈ, ಬೀಡಿ, ಇವುಗಳ ದಾರಿಯಲ್ಲಿ ಸೀಸ ರಕ್ತಕ್ಕೆ ಸೇರಿ ಹೊಟ್ಟೆ, ನರ ಎಲ್ಲವನ್ನೂ ಹಿಡಿಯುತ್ತದೆಂದು ವಿವರಿಸಿದರು. ಬೆಂಗಳೂರಿಗೆ ಕಳಿಸಿದ ರಕ್ತದ ವರದಿಯೂ ಅದನ್ನೇ ಹೇಳಿತು. ಮಗ್ಗೆಯಲ್ಲಿ ಅವನು ಸುಧಾರಿಸಿದ್ದು ರೊಟ್ಟಿಯಿಂದಲ್ಲ, ಅಲ್ಲಿ ಬಾಣಲೆ ಇಲ್ಲದ್ದರಿಂದ.

ಗಂಗಾಮಣಿ ಇದನ್ನು ಬರೆದು ಕೊಡಬೇಕೆಂದು ಪಟ್ಟು ಹಿಡಿದಳು. ಡಾಕ್ಟರಮ್ಮ ನಗುತ್ತಲೇ ಚೀಟಿಯಲ್ಲಿ, ರೋಗಿಯ ನೋವಿಗೆ ಹೆಂಡತಿಯ ಅಡುಗೆ ಕಾರಣವಲ್ಲ ಎಂದು ಬರೆದರು. ಬರೆಯುತ್ತ, ಮನೆಯಲ್ಲಿ ತರಕಾರಿ ಎಲ್ಲಿಂದ ತರುತ್ತೀರಿ ಎಂದು ಕೇಳಿದರು. ಸೊಪ್ಪಿನ ಮಡಿಯ ಬೂದಿಯ ಕಥೆ ಹೊರಬಿತ್ತು. ಪೆನ್ನು ಅಲ್ಲೇ ನಿಂತಿತು.

“ಈ ಚೀಟಿ ಈಗ ಕೊಡೋಕಾಗಲ್ಲಮ್ಮ. ನಿಮ್ಮ ರಕ್ತಾನೂ ನೋಡಬೇಕು.”

ಅವಳ ರಕ್ತದಲ್ಲೂ ಸೀಸವಿತ್ತು, ಗಂಡನಷ್ಟಲ್ಲ. ಬೇರೆ ಚೀಟಿ ಸಿಕ್ಕಿತು: ಅಡುಗೆಯಲ್ಲಿ ದೋಷವಿಲ್ಲ, ಸೊಪ್ಪಿನಲ್ಲಿದೆ. ಹೆಸರು ತಂದ ಸಾರೇ ಅದಾದ್ದರಿಂದ ಈ ಅರ್ಧ ಗೆಲುವು ಅವಳಿಗೆ ನುಂಗಲಾರದ ತುತ್ತಾಯಿತು. ಬಂದಾಗೆಲ್ಲ ಎರಡು ಕಟ್ಟು ಹರಿವೆ ಒಯ್ಯುತ್ತಿದ್ದ ಜಗದಾಂಬ ಮಾತ್ರ ವಿಷಯ ತಿಳಿದ ಮಾರನೆಯ ಬೆಳಿಗ್ಗೆಯೇ ಬಂದು ತನ್ನ ರಕ್ತವನ್ನೂ ನೋಡಿ ಎಂದು ಡಾಕ್ಟರಮ್ಮನ ಬಾಗಿಲಲ್ಲಿ ರವಿಕೆಯ ತೋಳು ಮಡಚಿಕೊಂಡು ನಿಂತಿದ್ದಳು. ಆಕೆಯ ರಕ್ತದಲ್ಲಿ ಏನೂ ಇರಲಿಲ್ಲ. ವರದಿ ಬಂದ ದಿನ ಆನೇಮಹಲಿಗೆ ಬಂದು, ಗಂಗಾಮಣಿಯ ಅಡುಗೆಮನೆಯ ಹೊಸಿಲ ಮೇಲೆ ಕೂತು, ಬಹಳ ಹೊತ್ತು ಹವೆಯ ಬಗ್ಗೆ ಮಾತಾಡಿ, ಕೊನೆಗೆ ಹೇಳಿದಳು: “ನಂದು ತಪ್ಪಾಗ್ಬುಡ್ತು ಕಣೇ.”

“ಬುಡಿ ಅತ್ಗೆ. ಹುರುಳಿ ಸಾರು ಚೆನ್ನಾಗೇ ಮಾಡಿದ್ರಿ. ಉಪ್ಪು ಸ್ವಲ್ಪ ಮುಂದಿತ್ತು, ಅಷ್ಟೇಯ.”

ದೇವೀರಪ್ಪ ಮಂಗಳೂರಿನ ಆಸ್ಪತ್ರೆಯಲ್ಲಿ ಹತ್ತು ದಿನ ಇದ್ದು ಬಂದ. ಗುಂಡು ಎರೆಯುವುದು ನಿಂತಿತು. ಮಡಿಯ ಮಣ್ಣನ್ನು ಮೊಣಕೈ ಆಳಕ್ಕೆ ಕೆರೆದು ಗೋಣಿಚೀಲಗಳಿಗೆ ತುಂಬಿದರು. ಅದನ್ನು ಹೊಳೆಗೆ ಸುರಿದರಾಯಿತು ಎಂದ ಗಂಡನ ಬಾಯಿಯನ್ನು ಗಂಗಾಮಣಿ, ಅದನ್ನ ಮೀನು ತಿಂದು ಆ ಮೀನನ್ನ ನಾವು ತಿನ್ನೋದಾ ಎಂದು ಕೇಳಿ ಮುಚ್ಚಿಸಿದಳು. ಬಾವಿಯಿಂದ ದೂರದ ದಿಬ್ಬದಲ್ಲಿ ಸಿಮೆಂಟು ಮೆತ್ತಿದ ಗುಂಡಿಯೊಳಗೆ ಹೂತು, ಮೇಲೆ ಚಪ್ಪಡಿ ಎಳೆಸಿದಳು. ಬಾವಿಯ ನೀರನ್ನು ಪರೀಕ್ಷೆಗೆ ಕಳಿಸಿ, ಚೆನ್ನಾಗಿದೆಯೆಂದು ಉತ್ತರ ಬರುವವರೆಗೂ ಭೂತಮ್ಮನ ಮನೆಯಿಂದ ನೀರು ತಂದಳು. ಭೂತಮ್ಮ ಬಿಂದಿಗೆ ತುಂಬಿಸಿ ಕೊಡುವಾಗ ತಲೆ ಎತ್ತಲಿಲ್ಲ. ದೇವೀರಪ್ಪನ ಮಣಿಕಟ್ಟಿಗೆ ಬಲ ಬರಲು ವರ್ಷ ಹಿಡಿಯಿತು; ಅಷ್ಟು ದಿನ ಎಡಗೈಯಲ್ಲೇ ಉಂಡ.

ಒಲೆಯ ಮುಂದಿನ ಜಾಗ ಗಂಗಾಮಣಿಗೆ ನಿಧಾನವಾಗಿ ವಾಪಸು ಸಿಕ್ಕಿತು. ಜೊತೆಗೆ ಒಂದು ಹೊಸ ಚಾಳಿಯೂ ಅಂಟಿತು. ಹೊಟ್ಟೆನೋವೆಂದು ಯಾರು ಅಂದರೂ, ಅದು ಮದುವೆ ಚಪ್ಪರವೇ ಆಗಿರಲಿ, ತುಟಿ ಎಳೆದು ವಸಡು ತೋರಿಸಿ ಎನ್ನುತ್ತಿದ್ದಳು. ಒಂದು ಸಲ ಬೀಗರ ಕಡೆಯ ಹಿರಿಯರೊಬ್ಬರು ಇದರಿಂದ ಮುನಿಸಿಕೊಂಡು ಪಂಕ್ತಿಯಿಂದ ಎದ್ದೂ ಹೋದರು. ನಲವತ್ತು ಐವತ್ತು ಬಾಯಿ ನೋಡಿದರೂ ಎಲೆಯಡಿಕೆಯ ಕರೆ ಬಿಟ್ಟು ಬೇರೇನೂ ಸಿಗಲಿಲ್ಲ. ಎರಡು ಸಾವಿರದ ಮೂರರಲ್ಲಿ ದೋಣಿಗಲ್‌ನ ಗಣೇಶನೆಂಬ ಲಾರಿ ಮೆಕ್ಯಾನಿಕ್ಕನ ಬಾಯಲ್ಲಿ ಆ ಗೆರೆ ಕಂಡಿತು. ಅವನು ಗ್ಯಾರೇಜಿನ ಹಿಂದೆ ಬ್ಯಾಟರಿ ಒಡೆಯುತ್ತಿದ್ದ. ಗ್ಯಾಸ್ಟ್ರಿಕ್ ಕಣಕ್ಕ, ಹೋಗ್ತದೆ ಎಂದ. ಗಂಗಾಮಣಿ ಹೆದ್ದಾರಿಯಲ್ಲಿ ಬರುತ್ತಿದ್ದ ಬಸ್ಸಿಗೆ ಕೈ ಅಡ್ಡ ಹಿಡಿದು, ಸಕಲೇಶಪುರಕ್ಕೆ ಎರಡು ಟಿಕೆಟ್ ಕೇಳಿದಳು.