ನೀಲಿಗಣ್ಣಿನ ಕುದುರೆಮರಿ

ಇದನ್ನು ಬರೆಯಲು ಕೂತು ಎಷ್ಟೋ ಸಲ ಎದ್ದುಹೋಗಿದ್ದೇನೆ. ಈಗ ವಯಸ್ಸಾಯಿತು. ಇನ್ನೂ ಮುಂದೂಡಿದರೆ ಬರೆಯಲಿಕ್ಕೇ ಆಗದು.

ಐವತ್ತರ ದಶಕದ ಕೊನೆಗೆ, ಹೈಸ್ಕೂಲು ಮುಗಿಸಿ, ಶಿರ್ತಾಡಿಯ ಕಡೆ ಒಬ್ಬ ಧಣಿಗಳ ಮನೆಯಲ್ಲಿ ಲೆಕ್ಕಪತ್ರ ಬರೆಯುವ ರೈಟರಾಗಿದ್ದೆ. ಅವರಲ್ಲಿ ಒಂದು ಗಂಡು, ಒಂದು ಹೆಣ್ಣು ಕುದುರೆ ಇದ್ದವು. ಎರಡಕ್ಕೂ ಮಾಗಿದ ಪೈರಿನ ಹೊಂಬಣ್ಣ, ಬಿಳಿ ಜೂಲು. ಮರಿಯೂ ಅದೇ ಬಣ್ಣದ್ದಾಗಬೇಕೆಂದು ಧಣಿಗಳ ಹಟ. ಹೆಣ್ಣು ಬೆದೆಗೆ ಬಂದಾಗ ಬೇರೆ ಕುದುರೆ ಸುಳಿಯದಂತೆ ಕಾಯಲು ಕುದುರೆಯಾಳನ್ನೂ ನನ್ನನ್ನೂ ನಿಲ್ಲಿಸಿದರು. ಇಬ್ಬರೂ ಸರಿಯಾಗಿಯೇ ಕಾದೆವು. ಬೇರೆ ಯಾವ ಕುದುರೆಯೂ ಬರಲಿಲ್ಲ.

ಮರುವರ್ಷ ಹುಟ್ಟಿದ ಮರಿಗೆ ಹಾಲಿನ ಕೆನೆಯ ಬಣ್ಣ. ರೋಮದಡಿ ಗುಲಾಬಿ ಚರ್ಮ. ಕಣ್ಣು ತಿಳಿನೀಲಿ.

"ಪೇಟೆಯ ಜಟಕಾದ ಬಿಳಿ ಕುದುರೆಗೆ ನೀನೇ ಮದುವೆ ಮಾಡಿಸಿದ್ದಾ ಮಾರಾಯ?" ಧಣಿಗಳು ಆಳನ್ನು ಕೇಳಿದರು.

"ಇಲ್ಲ ಧಣಿ. ರೈಟರು ಜೊತೆಗೇ ಇದ್ರು. ಬೇಕಾದ್ರೆ ಕೇಳಿ."

ಅವರು ನನ್ನತ್ತ ತಿರುಗಿದರು. ಕೆಲಸ ಹೋದೀತೆಂಬ ಭಯದಲ್ಲಿ, "ಒಂದು ದಿನ ನಾನು ಬೆಳ್ತಂಗಡಿಗೆ ಹೋಗಿದ್ದೆ" ಎಂದುಬಿಟ್ಟೆ. ಹೋಗಿರಲಿಲ್ಲ.

ಬೇರೆ ಕುದುರೆ ಬಿಟ್ಟಿಲ್ಲವೆಂದು ಆಳು ಭೂತಸ್ಥಾನದಲ್ಲಿ ದೈವದ ಮುಂದೆ ಪ್ರಮಾಣ ಮಾಡಬೇಕೆಂದಾಯಿತು. ಮಿಂದು ಒದ್ದೆಬಟ್ಟೆಯಲ್ಲೇ ಬಂದು, ಒಮ್ಮೆಯೂ ತಡವರಿಸದೆ ಅವನು ಪ್ರಮಾಣ ಮಾಡಿದ. ನಾನು ಹಿಂದೆ ನಿಂತು ಅವನ ಹಿಮ್ಮಡಿಯಿಂದ ಇಳಿಯುವ ನೀರು ನೋಡುತ್ತಿದ್ದೆ. ಅದೇ ತಿಂಗಳು ಅವನ ಹೆಣ್ಣುಮಗು ಜ್ವರದಲ್ಲಿ ತೀರಿಕೊಂಡಿತು. ಸುಳ್ಳು ಪ್ರಮಾಣ ತಟ್ಟಿತು ಎಂದಿತು ಊರು. ಗಂಡ ಹೆಂಡತಿ ಊರು ಬಿಟ್ಟು ಬಂಟ್ವಾಳಕ್ಕೆ ಹೋದರು.

ಮರಿ ಮಾತ್ರ ಬೆಳೆಯಿತು. ಲಾಯದ ಬಾಗಿಲಲ್ಲಿ ನನ್ನ ನೆರಳು ಬಿದ್ದರೆ ಸಾಕು, ಆ ನೀಲಿಕಣ್ಣು ನನ್ನ ಕಡೆ ತಿರುಗುತ್ತಿತ್ತು. ಕಾಯುವಾಗ ನಾನೇ ತೂಕಡಿಸಿರಬಹುದೆ ಎಂದು ಸಂಶಯಪಡತೊಡಗಿದೆ. ಆ ಸಂಶಯದಲ್ಲಿ ಒಂದು ಸಮಾಧಾನವೂ ಇತ್ತು.

ಕೆಲವು ವರ್ಷ ಕಳೆದು ಮೂಡಬಿದಿರೆಯಿಂದ ಬಂದ ದನದ ಡಾಕ್ಟರು ಆ ಸಮಾಧಾನವನ್ನೂ ಕಸಿದುಕೊಂಡರು.

"ಕೆಂಪು ಕುದುರೆಯ ಬಣ್ಣ ತೆಳುವಾಗಿಸುವ ಒಂದು ಗುಣ ಉಂಟು. ತಂದೆ ತಾಯಿಯರಲ್ಲಿ ಒಬ್ಬರಿಂದ ಬಂದ್ರೆ ಹೊಂಬಣ್ಣ. ಇಬ್ಬರಿಂದಲೂ ಬಂದ್ರೆ ಹೀಗೆ ಕೆನೆಬಣ್ಣ, ನೀಲಿ ಕಣ್ಣು. ಹೊಂಬಣ್ಣದ ಜೋಡಿಗೆ ನಾಲ್ಕರಲ್ಲೊಂದು ಹೀಗೆ ಹುಟ್ಟಬಹುದು. ಬಿಳಿ ಕುದುರೆ ಬೇಕೇ ಇಲ್ಲ."

ಮರುದಿನವೇ ಬಂಟ್ವಾಳಕ್ಕೆ ಹೋದೆ. ಆಳು ಸತ್ತು ವರ್ಷವಾಗಿತ್ತು. ಹೆಂಡತಿ ಜಗಲಿಯಲ್ಲಿ ಬೀಡಿ ಕಟ್ಟುತ್ತಿದ್ದಳು. ನನಗೆ ನೀರು, ಬೆಲ್ಲ ತಂದಿಟ್ಟಳು.

"ಸಾಯುವವರೆಗೂ ಒಪ್ಪಿಕೊಳ್ಳಲಿಲ್ಲ ರೈಟರೇ," ಎಂದಳು. "ತಪ್ಪಾಯ್ತು ಅಂತ ಒಂದು ಮಾತು ಹೇಳಿದ್ರೆ ಸಾಕಿತ್ತು. ಮಗು ಹೋದ ಮೇಲೆ ನಾನು ಅವರ ಹತ್ತಿರ ಸರಿಯಾಗಿ ಮಾತಾಡಿದ್ದೇ ಇಲ್ಲ."

ನೀರು ಕುಡಿದೆ. ಬಸ್ಸಿಗೆ ಹೊತ್ತಾಯಿತು ಎಂದೆ. ಅವಳ ಗಂಡ ಸುಳ್ಳು ಹೇಳಿರಲಿಲ್ಲ ಎಂಬ ಒಂದು ಮಾತನ್ನು ಹೇಳದೆ, ಕ್ಷಮೆ ಕೇಳದೆ ಆ ಮಗುವಿನ ತಾಯಿಯ ಎದುರಿನಿಂದ ನಾನು ಎದ್ದು ಬಂದೆ.