ಎರಡನೆಯ ಸಲ ನೋಡಿದ ಬಿ.ಪಿ.

ನಿವೃತ್ತಳಾದ ಮೇಲೂ ನಾನು ಐದಕ್ಕೆ ಏಳುತ್ತೇನೆ, ಒಂಬತ್ತಕ್ಕೆ ಸೆರಗಿಗೆ ಪಿನ್ನು ಹಾಕಿ ಸಿದ್ಧಳಾಗಿರುತ್ತೇನೆ. ಮೂವತ್ತು ವರ್ಷ ವಾರ್ಡು ನಡೆಸಿದವಳಿಗೆ ಬೇರೆ ಅಭ್ಯಾಸ ಬರುವುದಿಲ್ಲ. ಆ ಶಿಸ್ತು ನೋಡಿಯೇ ಒಂದು ನರ್ಸಿಂಗ್ ಕಾಲೇಜಿನವರು, ಹಳ್ಳಿಗಳಿಗೆ ಹೋಗುವ ವಿದ್ಯಾರ್ಥಿನಿಯರ ಮೇಲ್ವಿಚಾರಣೆಗೆ ನನ್ನನ್ನು ಕರೆದರು. ತರೀಕೆರೆಯಿಂದ ಹುಡುಗಿಯರನ್ನು ಕರೆದುಕೊಂಡು ಹೊರಡುತ್ತಿದ್ದೆ.

ಆ ವರ್ಷ ಕಡೂರಿನ ಯುವತಿಯೊಬ್ಬಳು ತನ್ನ ಎಂ.ಎಸ್ಸಿ. ನರ್ಸಿಂಗ್ ಪ್ರಬಂಧಕ್ಕಾಗಿ ನಮ್ಮ ಜೊತೆ ಬರುತ್ತಿದ್ದಳು. ಕಲಿಯುವವರಿಗೆ ತಮ್ಮ ಕೆಲಸದಲ್ಲಿ ಎಷ್ಟು ಧೈರ್ಯವಿದೆ, ದೂರದ ಹಳ್ಳಿಯವರಿಗೆ ಚಿಕಿತ್ಸೆ ಸಿಗುವುದಕ್ಕೂ ಆ ಧೈರ್ಯಕ್ಕೂ ಏನು ಸಂಬಂಧ ಎಂಬುದು ಅವಳ ವಿಷಯ. ಮೊದಲ ದಿನ ಪ್ರಶ್ನೆಗಳ ಹಾಳೆ ಹಂಚುವ ಮುಂಚೆ ನನ್ನ ಹತ್ತಿರ ಬಂದಳು.

"ಮೇಡಂ, ಇವರು ಬರೆಯೋವಾಗ ನೀವು ಸ್ವಲ್ಪ ಹೊರಗೆ ಇರ್ತೀರಾ?"

"ಯಾಕಮ್ಮ, ನಾನೇನು ಹುಲೀನಾ?"

ಹುಡುಗಿಯರು ನಕ್ಕರು. ನಾನು ಹೊರಗೆ ಹೋಗಲಿಲ್ಲ. 'ತೊಂದರೆ ಕಂಡರೆ ಹಿರಿಯರಿಗೆ ಹೇಳಬಲ್ಲೆ' ಎಂಬ ಸಾಲಿನ ಮುಂದೆ ಎಲ್ಲರೂ ಪೂರ್ತಿ ಧೈರ್ಯವಿದೆ ಎಂದು ಗುರುತು ಹಾಕಿದರು. ನನಗೆ ಹೆಮ್ಮೆಯಾಯಿತು.

ಮುಂದಿನ ವಾರ ಶಿವನಿ ಆಚೆಯ ಒಂದು ಹಳ್ಳಿಯಲ್ಲಿದ್ದೆವು. ಕೊನೆಯ ಮನೆಯಲ್ಲಿ ಏಳು ತಿಂಗಳ ಬಸುರಿ. ಎರಡನೇ ವರ್ಷದ ಹುಡುಗಿ ಅವಳ ತೋಳಿಗೆ ಪಟ್ಟಿ ಸುತ್ತಿ ಬಿ.ಪಿ. ನೋಡಿ, ಮೆಲ್ಲಗೆ ಹೇಳಿದಳು: "ನೂರಾ ಅರವತ್ತು, ನೂರಾ ಹತ್ತು ಮೇಡಂ."

"ಇಷ್ಟು ಚಿಕ್ಕ ವಯಸ್ಸಿನವಳಿಗಾ? ಸ್ಟೆತಾಸ್ಕೋಪು ಕಿವಿಗೆ ಇಟ್ಕೊಂಡ್ಯೋ, ಬರೀ ಕೊರಳಿಗೆ ಹಾಕ್ಕೊಂಡ್ಯೋ? ಇನ್ನೊಂದ್ಸಲ ನೋಡು."

ಜೊತೆಯವರು ಕಿಸಕ್ಕನೆ ನಕ್ಕರು. ಅವಳು ಮತ್ತೆ ಗಾಳಿ ತುಂಬಿದಳು, ಬಿಟ್ಟಳು. "ನೂರಾ ಇಪ್ಪತ್ತು, ಎಂಬತ್ತು."

"ಹಾಂ, ಈಗ ಸರಿ. ಬರ್ಕೋ."

ಅತ್ತೆ ಬಾಗಿಲಲ್ಲಿ ನಿಂತಿದ್ದರು. "ಎರಡು ದಿವ್ಸದಿಂದ ತಲೆನೋವು ಅಂತಾಳೆ ಕಣ್ರಮ್ಮ. ಅಜ್ಜಂಪುರಕ್ಕೆ ಕರ್ಕೊಂಡೋಗಿ ತೋರ್ಸ್ಲಾ?"

"ಏನೂ ಬೇಡ. ಬಿಸಿಲಲ್ಲಿ ಓಡಾಡಿಸಬೇಡಿ, ಅಷ್ಟೇ. ಬಿ.ಪಿ. ಸರಿಯಾಗಿದೆ."

"ನೋಡತ್ತೆ, ನಿಂದು ಬರೀ ಗಾಬ್ರಿ," ಎಂದು ಸೊಸೆ ನಕ್ಕಳು.

ನನ್ನ ಸ್ಟೆತಾಸ್ಕೋಪು ನನ್ನ ಚೀಲದಲ್ಲೇ ಇತ್ತು. ನಾನೇ ಒಮ್ಮೆ ನೋಡಬಹುದಿತ್ತು. ನಾಲ್ಕೂವರೆಯ ಬಸ್ಸಿಗೆ ಹತ್ತು ನಿಮಿಷವಿತ್ತು. ನನ್ನ ತಂಡ ಎಂದೂ ಬಸ್ಸು ತಪ್ಪಿಸಿಕೊಂಡಿರಲಿಲ್ಲ.

ನಾಲ್ಕನೆಯ ದಿನ ಬಿ.ಪಿ. ಏರಿ ಆ ಬಸುರಿಗೆ ಫಿಟ್ಸ್ ಬಂತು. ಆಂಬುಲೆನ್ಸ್ ಅಜ್ಜಂಪುರ, ತರೀಕೆರೆ ದಾಟಿ ಶಿವಮೊಗ್ಗ ಮುಟ್ಟುವಷ್ಟರಲ್ಲಿ ಮಗು ಹೊಟ್ಟೆಯಲ್ಲೇ ಹೋಗಿತ್ತು. ತಾಯಿ ಬದುಕಿದಳು.

ಮನೆಯವರು ಕಾಲೇಜಿಗೆ ಬಂದು ಕೇಳಿದರು. ನಮ್ಮ ದಾಖಲೆ ಪುಸ್ತಕದಲ್ಲಿ ಆ ಹುಡುಗಿಯ ಕೈಬರಹದಲ್ಲಿ ನೂರಾ ಇಪ್ಪತ್ತು, ಎಂಬತ್ತು ಎಂದಿತ್ತು. ತಪ್ಪು ಬರೆದಳೆಂದು ಅವಳನ್ನು ಕೋರ್ಸಿನಿಂದಲೇ ತೆಗೆಯುವುದೆಂದು ತೀರ್ಮಾನವಾಯಿತು. ನಾನು ಅವಳನ್ನು ಕರೆಸಿದೆ. ಪ್ರಬಂಧದವಳೂ ಪಕ್ಕದಲ್ಲಿದ್ದಳು.

"ಎರಡನೇ ಸಲ ನಿಜವಾಗಿ ಎಷ್ಟು ಬಂತು?"

"ಅಷ್ಟೇ ಮೇಡಂ. ನೂರಾ ಅರವತ್ತೇ."

"ಮತ್ತೆ ಯಾಕೆ ಹಾಗೆ ಹೇಳ್ದೆ?"

ಅವಳು ನೆಲ ನೋಡುತ್ತಿದ್ದಳು. "ನಿಮಗೆ ಅದೇ ಬೇಕಿತ್ತಲ್ಲ ಮೇಡಂ."

ಪ್ರಬಂಧದವಳು ಪೆನ್ನು ಮುಚ್ಚಿದಳು. ಏನನ್ನೂ ಬರೆದುಕೊಳ್ಳಲಿಲ್ಲ.

ಅವತ್ತೇ ಪ್ರಾಂಶುಪಾಲರಿಗೆ ಪತ್ರ ಬರೆದೆ. ಹುಡುಗಿ ಮೊದಲು ಹೇಳಿದ್ದೇ ಸರಿ. ಅದನ್ನು ಬದಲಾಯಿಸುವಂತೆ ಮಾಡಿದವಳು ನಾನು, ಆಸ್ಪತ್ರೆಗೆ ಹೊರಟವರನ್ನು ತಡೆದವಳೂ ನಾನು. ಅವರು ಓದಿ ಮಡಚಿಟ್ಟರು. "ಸರ್ವಿಸಿನಲ್ಲಿ ಒಂದು ಕಪ್ಪುಚುಕ್ಕೆ ಇಲ್ಲ ನಿಮಗೆ. ಇದು ಯಾಕೆ ಮೇಡಂ? ವಾಪಸ್ ತಗೊಳ್ಳಿ." ತೆಗೆದುಕೊಳ್ಳಲಿಲ್ಲ. ಆ ಮನೆಯವರಿಗೂ ಅದನ್ನು ಓದಿ ಹೇಳಿ ಎಂದೆ. ಹುಡುಗಿಯ ಮೇಲಿನ ಆದೇಶ ರದ್ದಾಯಿತು. ನನಗೆ ಇನ್ನು ಬರುವುದು ಬೇಡ ಎಂದರು.

ನಾನು ದಾಖಲೆ ಪುಸ್ತಕಗಳನ್ನು ಒಪ್ಪಿಸಲು ಹೋದ ದಿನ ಆ ಹುಡುಗಿಯ ತಂದೆ ಕಚೇರಿಯ ಬೆಂಚಿನ ಮೇಲೆ ಕೂತಿದ್ದರು. "ಮಗಳ ಅಂಕಪಟ್ಟಿ ತಗೊಂಡೋಗಕ್ ಬಂದೆ ಮೇಡಂ," ಎಂದರು. "ನೀವ್ ಬರ್ದಿದ್ದು ಉಪಕಾರ ಆಯ್ತು. ಆದ್ರೆ ಅವಳು ಬರಲ್ಲ ಅಂತಾಳೆ. ಆಸ್ಪತ್ರೆ ಅಂದ್ರೆ ಸಾಕು, ಎದ್ದು ಒಳಗೆ ಹೋಗ್ಬಿಡ್ತಾಳೆ."

ನಾನೇ ಹೋಗಿ ಮಾತಾಡಲೇ ಎಂದು ಕೇಳಿದೆ.

"ಬೇಡ ಮೇಡಂ," ಎಂದರು. "ನೀವು ಹೇಳಿದ್ರೆ ಹೂಂ ಅಂತಾಳೆ ಅವಳು."

ಅಂಕಪಟ್ಟಿ ವಾಪಸ್ ಪಡೆಯಲು ಮೂವರ ಸಹಿ ಬೇಕಿತ್ತು. ನಾನೇ ಓಡಾಡಿ ಮಾಡಿಸಿಕೊಟ್ಟೆ.